ಕರೆಂಟ್ ಬಿಲ್ ದಿಢೀರ್ ಏರಿದೆಯಾ? ಮೀಟರ್ ಬೈಯುವ ಮುಂಚೆ ಇಷ್ಟು ನೋಡಿ

ನಾನು ಚಿಕ್ಕಮಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಬೇಲೂರು, ಸಕಲೇಶಪುರ, ಹಾಸನದ ಕಡೆಯಿಂದ ಕರೆದರೂ ಹೋಗುತ್ತೇನೆ. ಮೊದಲೆಲ್ಲ ಫ್ಯೂಸ್ ಹೋಯಿತು, ಫ್ಯಾನ್ ತಿರುಗುತ್ತಿಲ್ಲ ಅಂತ ಫೋನ್ ಬರುತ್ತಿತ್ತು. ಈಗ ಬರುವ ಫೋನೇ ಬೇರೆ. "ಅಣ್ಣಾ, ಬಿಲ್ ನೋಡಿ ತಲೆ ತಿರುಗ್ತಿದೆ. ಮೀಟರ್ ಕೆಟ್ಟಿದೆ, ಒಂದ್ಸಲ ಬಂದು ನೋಡಿ."

ಹೋಗಿ ನೋಡಿದರೆ ಮೀಟರ್ ಕೆಟ್ಟಿರುವುದು ಬಹಳ ಅಪರೂಪ. ಮನೆಯೊಳಗೇ ಎಲ್ಲೋ ಕರೆಂಟ್ ಸೋರುತ್ತಿರುತ್ತದೆ, ಇಲ್ಲಾ ಬಿಲ್ಲನ್ನು ಯಾರೂ ಸರಿಯಾಗಿ ಓದಿರುವುದಿಲ್ಲ. ಹುಡುಕುವ ಕೆಲಸ ಅರ್ಧಕ್ಕರ್ಧ ನಿಮ್ಮ ಕೈಯಲ್ಲೇ ಆಗುತ್ತದೆ, ನನ್ನನ್ನು ಕರೆಯುವುದೇ ಬೇಡ. ಒಂದು ಪೆನ್ನು, ಒಂದು ಚೀಟಿ, ಒಂದು ಗಡಿಯಾರ ಇದ್ದರೆ ಆಯಿತು.

ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮೀಟರಿನ ಸೀಲ್ ಮುಟ್ಟಬೇಡಿ. 2003ರ ವಿದ್ಯುತ್ ಕಾಯ್ದೆಯಲ್ಲಿ ಮೀಟರ್ ತಿದ್ದುವುದು ಕಳ್ಳತನಕ್ಕೆ ಸಮ. ಅದಕ್ಕಿಂತ ಮುಖ್ಯ, ಮೇನ್ ಸ್ವಿಚ್ ಆಫ್ ಮಾಡಿದರೂ ಮೀಟರಿಗೆ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಈ ಬರಹದಲ್ಲಿ ಮೀಟರನ್ನು ಕಣ್ಣಿಂದ ನೋಡುವ ಕೆಲಸ ಮಾತ್ರ ಇದೆ.

ಬಿಲ್ ಏರಿದೆ, ಯಾಕೆ ಅಂತ ಏನೂ ಗೊತ್ತಾಗುತ್ತಿಲ್ಲ

ಹಿಂದಿನ ನಾಲ್ಕೈದು ಬಿಲ್ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇಷ್ಟು: ಏರಿದ್ದು ಯೂನಿಟ್ಟಾ, ರೂಪಾಯಿಯಾ?

ಯೂನಿಟ್ ಹಾಗೇ ಇದ್ದು ರೂಪಾಯಿ ಮಾತ್ರ ಏರಿದ್ದರೆ ವೈರಿಂಗ್ ಹುಡುಕುವುದು ದಂಡ. ಬಿಲ್ಲಿನ ಸಾಲುಗಳನ್ನೇ ನೋಡಿ. ಬೇಸಿಗೆ ಹೊತ್ತಿಗೆ ಹೆಚ್ಚುವರಿ ಭದ್ರತಾ ಠೇವಣಿ ಅಂತ ಒಂದು ಮೊತ್ತ ಕೇಳುವುದುಂಟು. ನಿಮ್ಮ ಎರಡು ತಿಂಗಳ ಬಿಲ್ಲಿನಷ್ಟು ಠೇವಣಿ ಇರಬೇಕು ಅನ್ನುವ ಲೆಕ್ಕ ಅದು. ಅದನ್ನೇ ನೋಡಿ ಗಾಬರಿಯಾಗುವವರು ಬಹಳ ಜನ. ಹಳೆ ಬಾಕಿ ಸೇರಿರಬಹುದು. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಿಗದಿತ ಶುಲ್ಕವನ್ನು ಎಷ್ಟು ಕಿಲೋವ್ಯಾಟ್ ಮಂಜೂರಾಗಿದೆ ಅನ್ನುವುದರ ಮೇಲೆ ಹಾಕುತ್ತಾರೆ. ಮನೆ ಕಟ್ಟುವಾಗ ಸುಮ್ನೆ 5 ಕಿಲೋವ್ಯಾಟ್ ಬರೆಸಿ, ಈಗ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳಿವೆ. ಅಂಥವರು ಲೋಡ್ ಇಳಿಸಲು ಅರ್ಜಿ ಕೊಡಬಹುದು.

ಯೂನಿಟ್ ಏರಿದ್ದರೆ ರೀಡಿಂಗ್ ತಾರೀಖು ನೋಡಿ. ಒಂದು ಬಿಲ್ 27 ದಿನಕ್ಕೆ, ಇನ್ನೊಂದು 35 ದಿನಕ್ಕೆ ಬಂದಿದ್ದರೆ ಹೋಲಿಸುವುದರಲ್ಲೇ ಅರ್ಥವಿಲ್ಲ. ಯೂನಿಟ್ಟನ್ನು ದಿನದಿಂದ ಭಾಗಿಸಿ, ಆಮೇಲೆ ಹೋಲಿಸಿ. ಬಿಲ್ಲಿನ ಮೇಲೆ 'ಡೋರ್ ಲಾಕ್' ಅಂತ ಇದೆಯಾ? ಬೀಗ ಹಾಕಿದ್ದ ತಿಂಗಳು ಸರಾಸರಿ ಬರೆದು, ಮುಂದಿನ ಸಲ ನಿಜವಾದ ರೀಡಿಂಗ್ ತೆಗೆದಾಗ ವ್ಯತ್ಯಾಸ ಒಟ್ಟಿಗೇ ಬಂದು ಬೀಳುತ್ತದೆ.

ಕೊನೆಗೆ ಬಿಲ್ಲಿನಲ್ಲಿರುವ ಮೀಟರ್ ನಂಬರ್, ಆರ್.ಆರ್. ನಂಬರ್ (ನಿಮ್ಮ ಕನೆಕ್ಷನ್ನಿನ ಗುರುತಿನ ನಂಬರ್) ನಿಮ್ಮದೇನಾ ನೋಡಿ. ನಾಲ್ಕು ಮನೆಯ ಮೀಟರ್ ಒಂದೇ ಹಲಗೆ ಮೇಲಿರುವ ಕಟ್ಟಡದಲ್ಲಿ ಅದಲುಬದಲಾಗುವುದು ಹೊಸತೇನಲ್ಲ. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ಬರುತ್ತವೆ: ಯೂನಿಟ್, ವೋಲ್ಟೇಜ್, ತಾರೀಖು, ಗರಿಷ್ಠ ಬೇಡಿಕೆ. 'ಕೆ.ಡಬ್ಲ್ಯು.ಎಚ್.' ಅಂತ ಬಂದಾಗ ಇರುವ ಅಂಕಿಯೇ ನಿಮ್ಮ ರೀಡಿಂಗ್. ಅದರ ಫೋಟೊ ತೆಗೆದುಕೊಳ್ಳಿ. ಬಿಲ್ಲಿನಲ್ಲಿ ಬರೆದದ್ದು ಇವತ್ತಿನ ಅಂಕಿಗಿಂತ ಜಾಸ್ತಿ ಇದ್ದರೆ ರೀಡಿಂಗ್ ತಪ್ಪಾಗಿದೆ ಅಂತಲೇ ಅರ್ಥ.

ಸೊನ್ನೆ ಬರುತ್ತಿದ್ದ ಬಿಲ್ ಒಂದೇ ಸಲ ಸಾವಿರ ದಾಟಿದೆ

ಇದು ಗೃಹಜ್ಯೋತಿಯ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆಯ ಗೆರೆ ದಾಟಿದ್ದರ ಏಟು. 2023ರ ಆಗಸ್ಟ್ ಬಿಲ್ಲಿನಿಂದ ಬಂದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಹೆಚ್ಚಿನವರಿಗೆ ಅವರವರ 2022-23ನೇ ಸಾಲಿನ ಸರಾಸರಿಗೆ ಶೇಕಡಾ 10 ಸೇರಿಸಿ ಪಾಲು ಇಷ್ಟು ಅಂತ ಗೊತ್ತು ಮಾಡಿದ್ದಾರೆ. ಪಾಲಿನೊಳಗಿದ್ದರೆ ಸೊನ್ನೆ. ಪಾಲು ಮೀರಿ 200ರೊಳಗಿದ್ದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್.

ಲೆಕ್ಕ ಹಾಕಿದರೆ ಏಟು ಎಲ್ಲಿ ಬಿದ್ದಿತು ಅಂತ ಗೊತ್ತಾಗುತ್ತದೆ. ನಿಮ್ಮ ಪಾಲು 120 ಯೂನಿಟ್, ಮಂಜೂರಾದ ಲೋಡ್ 2 ಕಿಲೋವ್ಯಾಟ್ ಅಂದುಕೊಳ್ಳಿ. 2025-26ನೇ ಸಾಲಿನ ದರದಲ್ಲೇ ಲೆಕ್ಕ ಹಾಕೋಣ, ಆಗ ಯೂನಿಟ್ಟಿಗೆ 5.80 ರೂಪಾಯಿ ಇತ್ತು. 198 ಯೂನಿಟ್ ಉರಿಸಿದರೆ 78 ಯೂನಿಟ್ಟಿಗೆ ತೆರಿಗೆ ಸೇರಿ ಐನೂರರ ಆಸುಪಾಸು. ಅದೇ 205 ಉರಿಸಿದರೆ 1,189 ರೂಪಾಯಿ ಕರೆಂಟಿಗೆ, ಕಿಲೋವ್ಯಾಟಿಗೆ 145ರಂತೆ 290 ನಿಗದಿತ ಶುಲ್ಕ, ವಿದ್ಯುತ್ ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆಯಂತೆ 74, ಮೇಲೆ ಶೇಕಡಾ 9 ತೆರಿಗೆ 107. ಒಟ್ಟು 1,660ರ ಹತ್ತಿರ. ಏಳು ಯೂನಿಟ್ಟಿನ ಬೆಲೆ ಸಾವಿರದ ನೂರೈವತ್ತು ರೂಪಾಯಿ! ನಿಮ್ಮ ತಿಂಗಳಿನ ದರ ನಿಮ್ಮ ಬಿಲ್ಲಿನಲ್ಲೇ ಇರುತ್ತದೆ, ಅದನ್ನೇ ಹಾಕಿ ನೋಡಿ.

ಹಾಗಾಗಿ 180, 190ರಲ್ಲಿ ಓಡುತ್ತಿರುವ ಮನೆಯಲ್ಲಿ ಹತ್ತು ಯೂನಿಟ್ಟಿನ ಸಣ್ಣ ಸೋರಿಕೆಯೂ ದೊಡ್ಡ ದೋಷವೇ. ಬೇರೆ ಮನೆಗೆ ಬಾಡಿಗೆಗೆ ಹೋದವರು ಹಳೆ ಆರ್.ಆರ್. ನಂಬರಿಂದ ಯೋಜನೆ ಬಿಡಿಸಿ ಹೊಸದಕ್ಕೆ ಜೋಡಿಸಿಕೊಂಡಿದ್ದೀರಾ ಅಂತಲೂ ನೋಡಿ. ಇದನ್ನು ಮರೆತು ನನಗೆ ಫೋನ್ ಮಾಡಿದವರಿದ್ದಾರೆ.

ಏನೂ ಹಾಕಿಲ್ಲ, ಆದರೂ ಮೀಟರ್ ಓಡುತ್ತಿದೆ

ಮೀಟರಿನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪ ಇದೆಯಲ್ಲ, ಅದೇ ನಿಮ್ಮ ಡಾಕ್ಟರ್. ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. 3200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಸಲ ಮಿಣುಕಿದರೆ ಮನೆ ಹತ್ತಿರ ಹತ್ತಿರ 19 ವ್ಯಾಟ್ ಎಳೆಯುತ್ತಿದೆ ಅಂತ ಲೆಕ್ಕ. 1600ರದ್ದಾದರೆ ಅದರ ಎರಡರಷ್ಟು.

ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಫ್ರಿಜ್, ಇನ್ವರ್ಟರ್ ಪ್ಲಗ್ ಕಿತ್ತು ಒಂದು ನಿಮಿಷ ಎಣಿಸಿ. ಒಂದೆರಡು ಸಲ ಮಿಣುಕಿದರೆ ವೈಫೈ ಡಬ್ಬಿ, ಕೇಬಲ್ ಡಬ್ಬಿ, ಕಾಲಿಂಗ್ ಬೆಲ್. ತಲೆ ಕೆಡಿಸಿಕೊಳ್ಳಬೇಡಿ. ಐದಾರು ಸಲ ಅಂದರೆ ಏನೋ ಒಂದು ಉಳಿದಿದೆ, ಹುಡುಕಿ. ಎಣಿಸಲಾರದಷ್ಟು ಬೇಗ ಮಿಣುಕಿದರೆ ಕಾಯಿಲ್ ಇರುವ ಯಾವುದೋ ಸಾಮಾನು ಉರಿಯುತ್ತಿದೆ.

ಈಗ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಎಂಸಿಬಿ ಸ್ವಿಚ್‌ಗಳನ್ನು ಒಂದೊಂದಾಗಿ ಇಳಿಸುತ್ತಾ ಬನ್ನಿ, ಒಬ್ಬರು ಮೀಟರ್ ಹತ್ತಿರ ನಿಲ್ಲಲಿ. ಯಾವುದನ್ನು ಇಳಿಸಿದಾಗ ದೀಪ ನಿಧಾನವಾಯಿತೋ ಆ ಲೈನಿನಲ್ಲೇ ಕಳ್ಳ ಇದ್ದಾನೆ. ಹಳೆ ಕಿಟ್‌ಕ್ಯಾಟ್ ಫ್ಯೂಸ್ ಇರುವ ಮನೆಯಲ್ಲಿ ಈ ಆಟ ಬೇಡ. ಆ ಪಿಂಗಾಣಿ ಫ್ಯೂಸ್ ಕೀಳುವಾಗ ಬೆರಳು ತಾಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ.

ರಾತ್ರಿ ಪರೀಕ್ಷೆ ಇನ್ನೂ ಸುಲಭ. ಹತ್ತು ಗಂಟೆಗೆ ಮಲಗುವಾಗ ರೀಡಿಂಗ್ ಬರೆದಿಡಿ, ಬೆಳಗ್ಗೆ ಆರಕ್ಕೆ ಗೀಜರ್ ಹಾಕುವ ಮುಂಚೆ ಮತ್ತೆ ಬರೆಯಿರಿ. ಫ್ರಿಜ್, ಎರಡು ಫ್ಯಾನ್ ಓಡಿದ್ದರೆ ಒಂದೂವರೆ ಎರಡು ಯೂನಿಟ್ ಸರಿ. ನಾಲ್ಕು ಐದು ಆಗಿದ್ದರೆ ರಾತ್ರಿ ಇಡೀ ಏನೋ ತಿನ್ನುತ್ತಿದೆ.

ಮಳೆಗಾಲದಲ್ಲಿ, ಚಳಿಗಾಲದಲ್ಲಿ ಮಾತ್ರ ಬಿಲ್ ಏರುತ್ತದೆ

ನಮ್ಮ ಕಡೆ ಇದೇ ದೊಡ್ಡ ಕಥೆ. ನೀರು ಕಾಯಿಸುವ ಕಥೆ.

ಹೋದ ವರ್ಷ ಮೂಡಿಗೆರೆ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಆಗಸ್ಟ್ ಕೊನೆ, ಮಳೆ ಇನ್ನೂ ಹಿಡಿದಿತ್ತು. ಯಜಮಾನರು ಬಾಗಿಲಲ್ಲೇ ನಿಂತು ಹೇಳಿದರು, "ನಮ್ಮನೇಲಿ ಗೀಜರೇ ಇಲ್ಲ ಮಾರಾಯ. ಸೋಲಾರ್ ಇದೆ. ಆದ್ರೂ ಬಿಲ್ ಡಬಲ್." ಎಲ್ಲ ಆಫ್ ಮಾಡಿಸಿದೆ. ಮೀಟರ್ ದೀಪ ಮಿಣುಕುವುದಲ್ಲ, ನಡುಗುತ್ತಿತ್ತು. ಬಚ್ಚಲುಮನೆ ಬಾಗಿಲ ಹಿಂದೆ, ಟವೆಲ್ ನೇತುಹಾಕುವ ಮೊಳೆಯ ಪಕ್ಕ ಒಂದು ಸ್ವಿಚ್. ಮೇಲೆ ಹಸಿ ಟವೆಲ್ ಮುಚ್ಚಿಕೊಂಡಿತ್ತು. ಟವೆಲ್ ಸರಿಸಿದರೆ ಒಳಗಿನ ಸಣ್ಣ ದೀಪ ಕೆಂಪಗೆ ಉರಿಯುತ್ತಿದೆ. ಸೋಲಾರ್ ಟ್ಯಾಂಕಿನ ಬ್ಯಾಕಪ್ ಕಾಯಿಲ್! ಜೂನ್‌ನಲ್ಲಿ ನೆಂಟರು ಬಂದಾಗ ಹಾಕಿದ್ದು. ಒಳಗಿಂದ ಅಮ್ಮ ಬಂದು ಸ್ವಿಚ್ ನೋಡಿ, ಯಜಮಾನರ ಮುಖ ನೋಡಿ, ಏನೂ ಹೇಳದೆ ಕಾಫಿ ಮಾಡಲು ಹೋದರು.

ಲೆಕ್ಕ ಕೇಳಿ. 200 ಲೀಟರ್ ನೀರನ್ನು 18 ಡಿಗ್ರಿಯಿಂದ 60ಕ್ಕೆ ಏರಿಸಲು 10 ಯೂನಿಟ್ ಹತ್ತಿರ ಬೇಕು. ಮಲೆನಾಡಿನ ಆಷಾಢದಲ್ಲಿ ಸೂರ್ಯ ಮುಖ ತೋರಿಸುವುದಿಲ್ಲ, ಕೆಲಸವೆಲ್ಲ ಕಾಯಿಲ್ ತಲೆ ಮೇಲೆ. ನಾಲ್ಕು ಜನರ ಸ್ನಾನಕ್ಕೆ 15 ಲೀಟರ್ ಗೀಜರಾದರೆ ಒಂದು ಸಲಕ್ಕೆ ಮುಕ್ಕಾಲು ಯೂನಿಟ್, ದಿನಕ್ಕೆ ಮೂರು. ಸೋಲಾರ್ ಇದೆ ಅನ್ನುವ ಮನೆಯಲ್ಲೇ ಮಳೆಗಾಲದ ಬಿಲ್ ಜಾಸ್ತಿ ಬರುವುದು ಇದಕ್ಕೇ.

ಗೀಜರ್ ಮನೆಯವರು ನೋಡಬೇಕಾದ್ದು ಬೇರೆ. ನೀರು ಕಾದ ಮೇಲೆ ಗೀಜರಿನ ದೀಪ ಆರಬೇಕು. ಆರದಿದ್ದರೆ, ಒಳಗೆ ಕುದಿಯುವ ಸದ್ದು ಬಂದರೆ, ನಲ್ಲಿಯಲ್ಲಿ ಹಬೆ ಬಂದರೆ ಥರ್ಮೋಸ್ಟಾಟ್ ಕೆಟ್ಟಿದೆ. ಅದು ಬಿಲ್ಲಿನ ವಿಷಯ ಅಲ್ಲವೇ ಅಲ್ಲ, ಅಪಾಯ. ಆಫ್ ಮಾಡಿ, ಮತ್ತೆ ಹಾಕಬೇಡಿ, ರಿಪೇರಿಯವರನ್ನು ಕರೆಸಿ. ಕಾಯಲು ಮೊದಲಿಗಿಂತ ಬಹಳ ಹೊತ್ತು ಹಿಡಿದು, ಕಟಕಟ ಸದ್ದು ಬರುತ್ತಿದ್ದರೆ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟಿದೆ. ಕಡೂರು, ಅರಸೀಕೆರೆ ಕಡೆಯ ಬೋರ್ ನೀರಿನಲ್ಲಿ ಇದು ಮಾಮೂಲು. ಕಾಯಿಲ್ ತೆಗೆದು ಕ್ಲೀನ್ ಮಾಡಿಸಬೇಕು.

ಬಕೆಟ್‌ನಲ್ಲಿ ಇಳಿಬಿಡುವ ಕಾಯಿಲ್ ಇದ್ದರೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ. ಬಿಸಿಯಾಯಿತಾ ಅಂತ ಬೆರಳು ಅದ್ದಿ ನೋಡುವ ಅಭ್ಯಾಸ ಬಿಡಿ. ಹಂಡೆ ಒಲೆ ಇನ್ನೂ ಇರುವ ಮನೆಯವರೇ ಪುಣ್ಯವಂತರು, ಅಲ್ವಾ?

ಮಳೆಗಾಲದಲ್ಲಿ ಇನ್ನೊಂದು ಖರ್ಚಿದೆ. ಬಟ್ಟೆ ಒಣಗುವುದಿಲ್ಲ, ಅದಕ್ಕೆ ರಾತ್ರಿ ಇಡೀ ಫ್ಯಾನ್, ಬೆಳಗ್ಗೆ ಹಸಿ ಬಟ್ಟೆ ಮೇಲೆ ಇಸ್ತ್ರಿ. ಫ್ಯಾನಿನದು ಅಂಥ ದೊಡ್ಡದಲ್ಲ, ಹಳೇದಾದರೂ 75 ವ್ಯಾಟ್. ಇಸ್ತ್ರಿ ಪೆಟ್ಟಿಗೆ ಸಾವಿರ ವ್ಯಾಟ್.

ಮೋಟರ್ ಮೊದಲಿಗಿಂತ ಜಾಸ್ತಿ ಹೊತ್ತು ಓಡುತ್ತಿದೆ

ಸಂಜೆ ಟ್ಯಾಂಕ್ ತುಂಬಿಸಿ, ಎಲ್ಲ ನಲ್ಲಿ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಕಮೋಡಿನ ಸಿಸ್ಟರ್ನ್ ಸೋರುತ್ತಿದೆ, ಇಲ್ಲಾ ಪೈಪ್. ತಾನೇ ಆನ್ ಆಗುವ ಮೋಟರ್ ಇರುವ ಮನೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಅದು ಪಾಪ ರಾತ್ರಿ ಎರಡಕ್ಕೂ ಎದ್ದು ತುಂಬಿಸುತ್ತಿರುತ್ತದೆ.

ಮಟ್ಟ ಇಳಿದಿಲ್ಲ, ಆದರೂ 25 ನಿಮಿಷಕ್ಕೆ ತುಂಬುತ್ತಿದ್ದ ಟ್ಯಾಂಕಿಗೆ 50 ನಿಮಿಷ ಬೇಕು ಅಂದರೆ ಪೈಪಿನ ಕೆಳತುದಿಯ ಫುಟ್‌ವಾಲ್ವ್ ಸೋರಿಕೆ, ಪಂಪಿನೊಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದದ್ದು, ಇಲ್ಲಾ ಬೋರಿನಲ್ಲಿ ನೀರೇ ಕೆಳಗೆ ಹೋಗಿದೆ. ಒಂದು ಎಚ್‌ಪಿ ಮೋಟರ್ ಗಂಟೆಗೆ ಒಂದು ಯೂನಿಟ್ ಹತ್ತಿರ ತಿನ್ನುತ್ತದೆ. ನೀರಿಲ್ಲದೆ ಓಡಿಸಿದರೆ ಮೋಟರೇ ಸುಡುತ್ತದೆ. ಗುಂಯ್ ಅನ್ನುತ್ತಾ ತಿರುಗದೆ ನಿಂತರೆ ತಕ್ಷಣ ಆಫ್ ಮಾಡಿ, ಕಪಾಸಿಟರ್ ಹೋಗಿರಬಹುದು.

ವೋಲ್ಟೇಜ್ ಡಲ್ ಇದ್ದರೆ ಬಿಲ್ ಜಾಸ್ತಿ ಬರುತ್ತದಾ ಅಂತ ಕೇಳುತ್ತಾರೆ. ಗೀಜರಿಗೆ ಆ ಮಾತು ಸುಳ್ಳು. 180 ವೋಲ್ಟಿನಲ್ಲಿ 2,000 ವ್ಯಾಟಿನ ಗೀಜರ್ 1,200 ವ್ಯಾಟ್ ಎಳೆದು ಜಾಸ್ತಿ ಹೊತ್ತು ಉರಿಯುತ್ತದೆ, ಯೂನಿಟ್ ಹೆಚ್ಚುಕಮ್ಮಿ ಅಷ್ಟೇ. ಮೋಟರಿಗೆ ನಿಜ. ಅದು ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ.

ಫ್ರಿಜ್ ಸದ್ದು ನಿಲ್ಲುವುದೇ ಇಲ್ಲ

ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಮೊದಲು ಬಿಸಿನೀರಿನ ಬಟ್ಟೆಯಿಂದ ಒರೆಸಿ ನೋಡಿ, ಜಿಡ್ಡಿಗೆ ಅಂಟದೆ ಹೋಗಿರುತ್ತದೆ. ಹಿಂದೆ ಗೋಡೆಗೆ ಅಂಟಿಸಿಟ್ಟಿದ್ದರೆ ಒಂದು ಗೇಣು ಮುಂದೆ ಎಳೆಯಿರಿ. ಚಿಕ್ಕಮಗಳೂರಿನ ಡಿಸೆಂಬರ್ ರಾತ್ರಿಯಲ್ಲೂ ಕಂಪ್ರೆಸರ್ ನಿಲ್ಲದೆ ಓಡಿದರೆ ಥರ್ಮೋಸ್ಟಾಟ್ ಅಥವಾ ಗ್ಯಾಸ್. ಅದು ನಿಮ್ಮ ಕೆಲಸ ಅಲ್ಲ, ನನ್ನದೂ ಅಲ್ಲ.

ಕರೆಂಟ್ ಪದೇ ಪದೇ ಹೋಗುವ ಊರು, ಮನೆಯಲ್ಲಿ ಹಳೆ ಇನ್ವರ್ಟರ್

ಕೊಪ್ಪ, ಶೃಂಗೇರಿ, ಸಕಲೇಶಪುರ ಕಡೆ ಗಾಳಿಮಳೆಗೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಅಂಥ ತಿಂಗಳು ಬಿಲ್ ಕಮ್ಮಿ ಆಗಬೇಕಲ್ಲ? ಜಾಸ್ತಿ ಆಗಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಸತ್ತ ಬ್ಯಾಟರಿ ಎಷ್ಟು ಕೊಟ್ಟರೂ ತುಂಬುವುದಿಲ್ಲ, ಇನ್ವರ್ಟರ್ ಕೊಡುತ್ತಲೇ ಇರುತ್ತದೆ. 150 ವ್ಯಾಟ್ ದಿನವಿಡೀ ಎಳೆದರೆ ತಿಂಗಳಿಗೆ 108 ಯೂನಿಟ್. ಗೃಹಜ್ಯೋತಿ ಪಾಲು ಅಲ್ಲಿಗೇ ಮುಗಿಯಿತು.

ಇಡೀ ದಿನ ಕರೆಂಟ್ ಇದ್ದ ಮೇಲೂ ಬ್ಯಾಟರಿ ಮೈ ಬೆಚ್ಚಗಿದ್ದರೆ, ಡಿಸ್ಟಿಲ್ಡ್ ವಾಟರ್ ಬೇಗ ಬೇಗ ಇಳಿದರೆ, ಕರೆಂಟ್ ಹೋದಾಗ ಹತ್ತೇ ನಿಮಿಷಕ್ಕೆ ಕೂಗಿಕೊಂಡರೆ ಅದರ ಆಯಸ್ಸು ಮುಗಿದಿದೆ. ಖಾತ್ರಿ ಬೇಕಾದರೆ ಎರಡು ದಿನ ಇನ್ವರ್ಟರ್ ಬಿಟ್ಟು ರೀಡಿಂಗ್ ಹೋಲಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ ಹತ್ತಿರ ಬೆಂಕಿಕಡ್ಡಿ ಗೀರಬೇಡಿ, ಕಿಟಕಿ ತೆರೆಯಿರಿ. ದೇವರ ಮನೆ ಪಕ್ಕ ಇನ್ವರ್ಟರ್ ಇಟ್ಟು ದೀಪ ಹಚ್ಚುವವರಿಗೆ ಇದನ್ನು ಬೇಕಂತಲೇ ಹೇಳುತ್ತಿದ್ದೇನೆ.

ನಲ್ಲಿ ಮುಟ್ಟಿದರೆ ಜುಂ ಅನ್ನುತ್ತದೆ, ಗೋಡೆ ಒದ್ದೆ ಇರುವಲ್ಲಿ ಶಾಕ್

ಇಲ್ಲಿ ಪರೀಕ್ಷೆ ನಿಲ್ಲಿಸಿ. ಒಣ ಕೈಯಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಯಾಕೆ ಅಂತ ತಿಳಿದಿರಲಿ. ನಮ್ಮ ಮೀಟರುಗಳು ಹೋಗುವ ಕರೆಂಟನ್ನೂ ವಾಪಸ್ ಬರುವುದನ್ನೂ ಅಳೆದು, ಯಾವುದು ಜಾಸ್ತಿಯೋ ಅದಕ್ಕೆ ಯೂನಿಟ್ ಬರೆಯುತ್ತವೆ. ಗೀಜರ್ ಕಾಯಿಲ್ ಒಡೆದು ಕರೆಂಟ್ ನೀರಿಗೆ, ಅಲ್ಲಿಂದ ಭೂಮಿಗೆ ಇಳಿಯುತ್ತಿದ್ದರೆ ಅದರ ದುಡ್ಡೂ ನಿಮ್ಮದೇ. ಒಂದು ಆಂಪಿಯರ್ ಸೋರಿದರೆ ತಿಂಗಳಿಗೆ 165 ಯೂನಿಟ್. ಮೀಟರಿನಲ್ಲಿ 'ಇ.ಎಲ್.' ಅಂತ ಇರುವ ಇನ್ನೊಂದು ದೀಪ ಉರಿಯುತ್ತಿದ್ದರೆ ಅದರ ಅರ್ಥ ಇದೇ: ಹೋದಷ್ಟು ವಾಪಸ್ ಬರುತ್ತಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಹಾಸನದ ಸಾಲಗಾಮೆ ರಸ್ತೆ ಕಡೆ ಒಂದು ಬಾಡಿಗೆ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಮೀಟರ್ ಓಡುತ್ತಿತ್ತು, ಇ.ಎಲ್. ದೀಪವೂ ಉರಿಯುತ್ತಿತ್ತು. ಸೋರಿಕೆ ಎಲ್ಲೂ ಸಿಗಲಿಲ್ಲ. ಸಂಜೆವರೆಗೆ ಹುಡುಕಿದ ಮೇಲೆ ಗೊತ್ತಾಯಿತು, ಮೇಲಿನ ಮನೆಯ ಒಂದು ಲೈನಿಗೆ ನ್ಯೂಟ್ರಲ್ಲನ್ನು, ಅಂದರೆ ಕರೆಂಟ್ ವಾಪಸ್ ಹೋಗುವ ವೈರನ್ನು, ಯಾರೋ ಈ ಮನೆಯಿಂದ ಕೊಟ್ಟಿದ್ದರು. ಮೇಲಿನವರು ಟಿವಿ ಹಾಕಿದರೆ ಕೆಳಗಿನವರ ಮೀಟರ್ ಓಡುತ್ತಿತ್ತು. ಬಾಡಿಗೆ ಮನೆಯಲ್ಲಿ ಮೆಟ್ಟಿಲ ಲೈಟು, ಮೋಟರ್ ಯಾರ ಮೀಟರಿಗೆ ಸೇರಿವೆ ಅಂತಲೂ ಓನರ್ ಎದುರಿಗೇ ನೋಡಿ.

ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇಲ್ಲದ ಮನೆಗೆ ಅದನ್ನು ಹಾಕಿಸಿ. ಅದು ಇದ್ದು ಪದೇ ಪದೇ ಬೀಳುತ್ತಿದ್ದರೆ "ಸುಮ್ನೆ ತೊಂದರೆ ಕೊಡ್ತದೆ" ಅಂತ ಬೈಪಾಸ್ ಮಾಡಿಸಬೇಡಿ. ಸೋರಿಕೆ ಇರುವುದಕ್ಕೇ ಅದು ಬೀಳುವುದು.

ಎಲ್ಲ ನೋಡಿಯಾಯಿತು, ಈಗಲೂ ಮೀಟರ್ ಮೇಲೇ ಅನುಮಾನ

ಮೀಟರಿನಿಂದ ಬರುವ ಎರಡೂ ವೈರನ್ನು ಕಡಿಯುವ ಮೇನ್ ಆಫ್ ಮಾಡಿದ ಮೇಲೂ ದೀಪ ಮಿಣುಕಿದರೆ ಎರಡೇ ಸಾಧ್ಯತೆ. ಮೀಟರಿಗೂ ಮೇನಿಗೂ ನಡುವೆ ಯಾರೋ ವೈರ್ ಎಳೆದಿದ್ದಾರೆ, ಇಲ್ಲಾ ಮೀಟರ್ ನಿಜವಾಗಿಯೂ ಕೆಟ್ಟಿದೆ.

ಆಗ ಲಿಖಿತ ದೂರು ಕೊಡಿ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರುತ್ತದೆ, ಹಾಸನ ಮೈಸೂರಿನ ಸೆಸ್ಕ್‌ಗೆ. ಎರಡಕ್ಕೂ ಸಹಾಯವಾಣಿ 1912. ಫೋನಿನಲ್ಲಿ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ, ಆದರೆ ಮೀಟರ್ ಪರೀಕ್ಷೆಗೆ ಶಾಖಾ ಕಚೇರಿಗೋ ಉಪವಿಭಾಗಕ್ಕೋ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ರಸೀದಿ ಇಟ್ಟುಕೊಳ್ಳಬೇಕು. ಪಕ್ಕದಲ್ಲಿ ಇನ್ನೊಂದು ಮೀಟರ್ ಕೂರಿಸಿ ಎರಡನ್ನೂ ಹೋಲಿಸಿ ನೋಡಿ ಅಂತ ಕೇಳಬಹುದು. ಹತ್ತು ದಿನದ ರೀಡಿಂಗ್ ಚೀಟಿ, ಮೀಟರಿನ ಫೋಟೊ ಜೊತೆಗಿಡಿ. ಬರೀ "ಬಿಲ್ ಜಾಸ್ತಿ ಬಂದಿದೆ ಸಾರ್" ಅಂದರೆ ಕೌಂಟರಿನವರು ಕಟ್ಟಿ ಹೋಗಿ ಅಂತಾರೆ. ಚೀಟಿ ಇಟ್ಟರೆ ಮಾತು ಬದಲಾಗುತ್ತದೆ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್.

ದೂರು ಕೊಟ್ಟಿದ್ದೇನೆ ಅಂತ ಬಿಲ್ ಕಟ್ಟದೆ ಕೂರಬೇಡಿ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುತ್ತಾರೆ. ತಕರಾರಿದೆ ಅಂತ ಬರೆದುಕೊಟ್ಟು, ಎಷ್ಟು ಕಟ್ಟಬೇಕು ಅಂತ ಕಚೇರಿಯಲ್ಲೇ ಕೇಳಿ ಕಟ್ಟಿ. ತಪ್ಪು ಅವರದ್ದು ಅಂತಾದರೆ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ.